ಬಿಟ್ಟಿ ಕೊಟ್ಟ ಚಕ್ಕೆ

ಜೂನ್ 2

ತಮ್ಮನಿಗೆ,

ಕ್ಷೇಮ ಸಮಾಚಾರಕ್ಕೆ ಮೊದಲು ನಷ್ಟದ ಪಟ್ಟಿ ಓದಿಕೋ. ಡಾಕ್ಟರಮ್ಮನ ಮನೆಯ ಉತ್ತರ ದಿಕ್ಕಿನ ಬಿಳಿ ಗೋಡೆ, ಪೂರ್ತಿ ಹಾಳು. ಅದನ್ನು ಕೆರೆಯುವುದಕ್ಕೆ ನಾಲ್ಕು ಆಳು, ಆರು ದಿನ. ಸವೆದು ಹೋದ ಹಲ್ಲುಜ್ಜುವ ಬ್ರಷ್ಷು ಹದಿನೇಳು. ಮುರಿದ ಅಲಗು ಒಂಬತ್ತು. ಪುಟ್ಟಿ ಮೆತ್ತುವ ನಮ್ಮ ಪುಟ್ಟಿಯಣ್ಣನ ಬಲಗೈ ಹೆಬ್ಬೆರಳಿನ ಉಗುರು, ಒಂದು. ಇಪ್ಪತ್ತೆರಡು ವರ್ಷ ಏಣಿ ಹೊತ್ತು ನಾನು ಸಂಪಾದಿಸಿದ ಹೆಸರು, ಅರ್ಧ. ಒಡಹುಟ್ಟಿದ ತಮ್ಮ, ಒಬ್ಬ. ಈ ಕೊನೆಯ ಬಾಬತ್ತನ್ನು ನಷ್ಟದ ಕಡೆ ಬರೆಯಬೇಕೋ ಲಾಭದ ಕಡೆಯೋ ಎಂದು ಇನ್ನೂ ತೀರ್ಮಾನಿಸಿಲ್ಲ.

ಬಳಿದು ವರ್ಷ ತುಂಬದ ಗೋಡೆ! ಡಾಕ್ಟರಮ್ಮ ನಲವತ್ತು ವರ್ಷ ಜನರ ಬಾಯೊಳಗೆ ಇಣುಕಿದವರು. ಹಲ್ಲು ಕೆರೆಯುವ ಕೊಕ್ಕೆ ತಂದು ಗೋಡೆಯ ಚುಕ್ಕಿಯನ್ನು ಮೀಟಿ, "ನಿಮ್ಮ ಗೋಡೆಗೆ ಹುಳುಕು ಹಿಡಿದಿದೆ ಕಣಮ್ಮ" ಅಂದಾಗ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸಾಸಿವೆ ಗಾತ್ರದ, ಟಾರಿನಂತೆ ಮಿರುಗುವ ಕರಿ ಚುಕ್ಕಿ. ಒಂದು ಅಂಗೈ ಅಗಲದಲ್ಲಿ ಅರವತ್ತು ಎಣಿಸಿದೆ. ಆಮೇಲೆ ತಲೆ ಎತ್ತಿ, ಕಿಟಕಿಗೆ ಬಣ್ಣ ಹಚ್ಚುತ್ತ ಏಣಿಯ ಮೇಲಿದ್ದ ನಿನ್ನನ್ನು ನೋಡಿದೆ. ನಿನ್ನ ಪ್ಯಾಂಟಿನ ಅಂಚಿನಲ್ಲಿ ಟಾರು. ನನಗೆ ಹೇಳದೆ ಭಾನುವಾರಗಳಲ್ಲಿ ಮಾಳಿಗೆಗಳಿಗೆ ಟಾರು ಬಳಿಯಲು ಹೋಗುತ್ತಿದ್ದವನು ನೀನು. ಇನ್ನೇನು ಸಾಕ್ಷಿ ಬೇಕಿತ್ತು? "ಇಳಿಯೋ ಕೆಳಗೆ. ಇನ್ನು ನನ್ನ ಏಣಿ ಮುಟ್ಟಬೇಡ" ಅಂದೆ. ಎಲ್ಲರ ಎದುರಿಗೇ ಅಂದೆ. ಕದ್ದು ಮುಚ್ಚಿ ಮಾತಾಡುವ ಅಭ್ಯಾಸ ನನಗಿಲ್ಲ.

ಈಗ ಡಾಕ್ಟರಮ್ಮ ಕೇಳುತ್ತಿದ್ದಾರೆ: ಬಣ್ಣ ಕಳಪೆಯೋ, ಕೆಲಸ ಕಳಪೆಯೋ, ಬರೆದುಕೊಡಿ ಎಂದು. ಅದಕ್ಕೇ ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. "ಬಿಳಿ ಗೋಡೆಯ ಮೇಲೆ ಟಾರು ಸಿಡಿಸಿದವನು ನಾನೇ" ಎಂದು ನಾಲ್ಕು ಸಾಲು. ಕೆಳಗೆ ರುಜು ಹಾಕಿ ಕಳಿಸು. ನಿನ್ನ ಹೆಸರು ಕೆಟ್ಟರೆ ನಿನ್ನೊಬ್ಬನದು ಕೆಡುತ್ತದೆ. ನನ್ನದು ಕೆಟ್ಟರೆ ಆರು ಮನೆಯ ಒಲೆ ಆರುತ್ತದೆ.

ಇತಿ,
ನಿನ್ನ ಅಕ್ಕ


ಜೂನ್ 19

ಅಕ್ಕ,

ನಿನ್ನ ಹಾಳೆ ವಾಪಸ್ಸು ಕಳಿಸಿದ್ದೇನೆ. ರುಜು ಇಲ್ಲ. ಹಿಂಭಾಗ ಖಾಲಿ ಇದೆ, ಸಾಮಾನಿನ ಚೀಟಿ ಬರೆದುಕೋ.

ಟಾರು ಬಳಿದದ್ದು ನಿಜ. ಹೇಳದೆ ಹೋದದ್ದೂ ನಿಜ, ಹೇಳಿದ್ದರೆ ಬಿಡುತ್ತಿದ್ದೆಯಾ? ಆದರೆ ಟಾರಿನ ಕುಂಚ ಟಾರಿನ ಮೇಸ್ತ್ರಿಯ ಮನೆಯಲ್ಲೇ ಇರುತ್ತಿತ್ತು. ನಿನ್ನ ಬಕೆಟ್ಟಿನ ಹತ್ತಿರ ಸುಳಿದಿಲ್ಲ. ಹನ್ನೆರಡು ವರ್ಷ ನಿನ್ನ ಗೋಡೆ ಬಳಿದಿದ್ದೇನೆ. ಬಣ್ಣ ಆಚೆ ಹೋಗದಂತೆ ಪಟ್ಟಿ ಅಂಟಿಸದೆ ಬರಿಗೈಯಲ್ಲಿ ಅಂಚು ಎಳೆಯುವವನು ನಿನ್ನ ಗುಂಪಿನಲ್ಲಿ ನಾನೊಬ್ಬನೇ ಎಂದು ನೀನೇ ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದೆ. ಆ ಕೈ ಸಿಡಿಸಿತು ಅನ್ನುವುದಕ್ಕೆ ನಿನಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ಈ ಊರಿನಲ್ಲಿ ಮೂವರು ಬಣ್ಣದ ಮೇಸ್ತ್ರಿಗಳ ಹತ್ತಿರ ಹೋದೆ. ಇಬ್ಬರಿಗೆ ನನಗಿಂತ ಮೊದಲೇ ಸುದ್ದಿ ತಲುಪಿತ್ತು. "ಓ, ಟಾರು ಸಿಡಿಸೋನು ನೀನೇನಾ?" ಅಂದರು. ಮೂರನೆಯವನು ಮುಖ ನೋಡಿದವನೇ ಬಾಗಿಲು ಹಾಕಿಕೊಂಡ. ಈಗ ಒಂದು ನರ್ಸರಿಯಲ್ಲಿ ಗಿಡಗಳಿಗೆ ನೀರು ಬಿಡುತ್ತಿದ್ದೇನೆ. ಕುಂಚ ಹಿಡಿದು ತಿಂಗಳಾಗುತ್ತ ಬಂತು.

ಒಂದು ಕೇಳುತ್ತೇನೆ. ಡಾಕ್ಟರಮ್ಮನ ಕಿಟಕಿಯ ಕಟ್ಟೆ ಹೊರಗೆ ಚಾಚಿಕೊಂಡಿದೆಯಲ್ಲ, ಅದರ ಅಡಿಭಾಗವನ್ನು ಬಗ್ಗಿ, ಕತ್ತು ತಿರುಗಿಸಿ ನೋಡು. ಅಲ್ಲೂ ಚುಕ್ಕಿ ಇದ್ದರೆ, ಟಾರನ್ನು ಕೆಳಗಿನಿಂದ ಮೇಲಕ್ಕೆ ಉಗುಳಿದವರು ಯಾರು ಎಂದು ಬರೆ. ಏಣಿಯ ಮೇಲಿದ್ದ ನಾನಂತೂ ಅಲ್ಲ.

ಇಂತಿ,
ಏಣಿ ಇಳಿದವನು


ಜುಲೈ 28

ತಮ್ಮಾ,

ಬಗ್ಗಿ ನೋಡು ಅಂತೀಯಲ್ಲ, ಐವತ್ತೆರಡು ವರ್ಷದ ಸೊಂಟ ನನ್ನದು. ಆದರೂ ನೋಡಿದೆ. ಚುಕ್ಕಿ ಇವೆ. ಅದಕ್ಕೆ ನಾನೇನು ಮಾಡಲಿ? ಗಾಳಿ ಬೀಸಿತ್ತು ಅಂತಿಟ್ಟುಕೋ. ಅಡಿಭಾಗದಲ್ಲಿ ನಾಲ್ಕು ಚುಕ್ಕಿ ಇದ್ದ ಮಾತ್ರಕ್ಕೆ ಗೋಡೆಯ ನಾಲ್ಕು ಸಾವಿರ ಮಾಫಿಯಾಗುವುದಿಲ್ಲ.

ಗೋಡೆಯನ್ನು ಹೊಸದಾಗಿ ಎರಡು ಕೈ ಬಳಿಸಿಕೊಟ್ಟೆ. ನನ್ನ ಪದ್ಧತಿಯಂತೆ ಬುಡದ ಹೂವಿನ ಪಾತಿಗೆ ಮರದ ಚಕ್ಕೆಯನ್ನೂ ಹಾಕಿಸಿದೆ, ಮಾಮೂಲಿಗಿಂತ ಒಂದು ಮೂಟೆ ಹೆಚ್ಚೇ. ಆದ ಬೇಜಾರಿಗೆ ಅಷ್ಟಾದರೂ ಕೊಡಬೇಡವೇ? "ದಿನಾ ನೀರು ಚಿಮುಕಿಸಿ ಡಾಕ್ಟರಮ್ಮ, ಹಾರಿ ಹೋಗಲ್ಲ, ಬಣ್ಣವೂ ಚೆನ್ನಾಗಿರುತ್ತೆ" ಅಂತ ಹೇಳಿ ಬಂದೆ.

ಏಳು ವಾರ. ಮತ್ತೆ ಚುಕ್ಕಿ.

ನೀನಿಲ್ಲದಾಗಲೂ ಬಂತು ಎಂದು ಅಲ್ಲೇ ಕುಣಿಯಬೇಡ. ನೀನು ಮುಟ್ಟಿದ ಬಕೆಟ್ಟುಗಳು ಇನ್ನೂ ಇಲ್ಲೇ ಇವೆ, ರೋಲರುಗಳು ಇಲ್ಲೇ ಇವೆ. ಎಲ್ಲವನ್ನೂ ಎಸೆಯುತ್ತಿದ್ದೇನೆ. ಮೂಲೆಮನೆಯವರೂ ಪಕ್ಕದ ಬೀದಿಯ ದರ್ಜಿಯೂ ಹೇಳಿಕಳಿಸಿದ್ದಾರೆ, ಅವರ ಗೋಡೆಯಲ್ಲೂ ಇದೇ ಕಥೆ. ಮೂರೂ ಗೋಡೆ ಬಳಿಯುವಾಗ ನೀನಿದ್ದೆ. ಇದಕ್ಕೇನು ಹೇಳ್ತೀಯಾ, ಹೇಳು ನೋಡೋಣ.

ಅಕ್ಕ


ಆಗಸ್ಟ್ 21

ಅಕ್ಕ,

ಹೇಳುತ್ತೇನೆ, ಕೂತುಕೊಂಡು ಓದು. ಗಾಳಿಯಲ್ಲ, ಬಕೆಟ್ಟಲ್ಲ. ನಿನ್ನ ಚಕ್ಕೆ.

ಈ ನರ್ಸರಿಯ ಯಜಮಾನನನ್ನು ಎಲ್ಲರೂ ಗಿಡದಜ್ಜ ಅನ್ನುತ್ತಾರೆ. ಅವನದೊಂದು ಬಿಳಿ ವ್ಯಾನಿದೆ. ಬಲಗಡೆ ಹಾಲಿನಂತಿದೆ, ಎಡಗಡೆ ಮೈತುಂಬ ಕರಿ ಚುಕ್ಕಿ. ಹೋದ ವಾರ ಅದನ್ನು ತೊಳೆಯಲು ಹೇಳಿದ. ನೋಡಿದವನೇ, "ಅಜ್ಜಾ, ಇದು ನಾನಲ್ಲ" ಅಂದುಬಿಟ್ಟೆ. ನೀನು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿದ್ದೀಯ ನೋಡು. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀನ್ಯಾಕಾಗ್ತೀಯೋ ಮಾರಾಯ? ನಾನು ವ್ಯಾನು ಎಲ್ಲಿ ನಿಲ್ಸ್ತೀನಿ ಅಂತ ನೋಡು." ವ್ಯಾನಿನ ಎಡಕ್ಕೆ ಹಳೆಯ ಮರದ ಚಕ್ಕೆಯ ರಾಶಿ. ಒದ್ದೆ, ಅರ್ಧ ಕೊಳೆತದ್ದು.

ಒಂದು ಚಕ್ಕೆ ಎತ್ತಿ ಭೂತಗನ್ನಡಿ ಕೊಟ್ಟ. ಅದರ ಮೇಲೆ ಬೂಷ್ಟು. ಸಾಸಿವೆಯಗಲದ ಕಿತ್ತಳೆ ಬಣ್ಣದ ಬಟ್ಟಲು, ಒಳಗೊಂದು ಕರಿ ಗುಂಡು. ಬಟ್ಟಲು ನೀರು ಕುಡಿದು ಬಿಗಿದುಕೊಂಡು, ಇದ್ದಕ್ಕಿದ್ದಂತೆ ಒಳಹೊರಗಾಗಿ ಗುಂಡನ್ನು ಚಿಮ್ಮುತ್ತದೆ. ಆಳೆತ್ತರಕ್ಕೆ ಹಾರುತ್ತದೆ. ಬೆಳಕಿರುವ ಕಡೆಗೇ ಅದರ ಗುರಿ. ಬಿಸಿಲು ಬೀಳದ ಉತ್ತರದ ಮೂಲೆಯಲ್ಲಿ ಎಲ್ಲಕ್ಕಿಂತ ಬೆಳ್ಳಗಿರುವುದು ಯಾವುದು? ನೀನು ಬಳಿಸಿದ ಗೋಡೆ. ಬಿದ್ದ ಗುಂಡು ಅಂಟಿನಂತೆ ಕಚ್ಚುತ್ತದೆ. ಹೊಸದಾಗಿದ್ದರೆ ಸೋಪುನೀರಿಗೆ ಬಂದೀತು. ಒಣಗಿತೋ, ಬಣ್ಣವನ್ನೂ ಕಿತ್ತುಕೊಂಡೇ ಬರುತ್ತದೆ.

ಅಜ್ಜ ಹೇಳಿದ್ದು ಇಷ್ಟು. ಗೋಡೆಯ ಬುಡದಲ್ಲಿ ಎರಡು ಮಾರು ಅಗಲಕ್ಕೆ ಚಕ್ಕೆ ಹಾಕಲೇಬಾರದು, ಜಲ್ಲಿ ಹಾಕಬೇಕು. ಚಕ್ಕೆಯೇ ಬೇಕು ಅನ್ನುವವರು ಗೋಡೆಯಿಂದ ದೂರ ಹಾಕಿ, ವರ್ಷಕ್ಕೊಮ್ಮೆ ಹಳೆಯದನ್ನು ಪೂರ್ತಿ ತೆಗೆದು ಬದಲಾಯಿಸಬೇಕು, ಆಗಾಗ ಕೆದಕಿ ಒಣಗಿಸಬೇಕು. ನೀನೋ ಹಳೆಯದರ ಮೇಲೆ ಒಂದು ಹಿಡಿ ಹೊಸದು ಉದುರಿಸಿ, ಮೇಲೆ ನೀರು ಬೇರೆ ಹೊಡೆಸುತ್ತೀಯ. ಅದಕ್ಕೆ ತೊಟ್ಟಿಲು ಕಟ್ಟಿ ತೂಗಿದ್ದೀಯ.

ನನ್ನ ಮಾತು ನಂಬಬೇಡ. ಒಂದು ಬಿಳಿ ತಟ್ಟೆಯನ್ನು ಡಾಕ್ಟರಮ್ಮನ ಚಕ್ಕೆಯ ಪಕ್ಕ ನೆಟ್ಟಗೆ ನಿಲ್ಲಿಸು. ಎರಡು ವಾರ ಬಿಟ್ಟು ನೋಡು. ತಟ್ಟೆಯನ್ನು ನಾನು ಮುಟ್ಟಿಲ್ಲವಲ್ಲ?

ತಮ್ಮ


ಸೆಪ್ಟೆಂಬರ್ 3

ಏನೋ,

ಆ ಚಕ್ಕೆ ಯಾರ ಬುದ್ಧಿ ಅಂತ ಗೊತ್ತೇನೋ ನಿನಗೆ? ನೀನಾಗ ಇನ್ನೂ ಸ್ಲೇಟು ಹಿಡಿದು ಸ್ಕೂಲಿಗೆ ಹೋಗುತ್ತಿದ್ದೆ. ಏಣಿ ಹಿಡಿದುಕೊಳ್ಳಲಷ್ಟೇ ಹೆಂಗಸರನ್ನು ಕರೆಯುತ್ತಿದ್ದ ಕಾಲ. ನಾನು ಸ್ವಂತಕ್ಕೆ ಹಿಡಿದ ಮೊದಲ ಮನೆ ಅದು. ಬುಡದ ಹೂವಿನ ಪಾತಿಯ ತುಂಬ ಬಣ್ಣದ ಹನಿ, ಪುಟ್ಟಿಯ ಉಂಡೆ. ಯಜಮಾನ ಮುಖ ಕಿವುಚಿ, "ಹೆಂಗಸ್ರ ಕೈಗೆ ಕೊಟ್ಟಿದ್ದೇ ತಪ್ಪಾಯ್ತು" ಅಂದ. ಹನಿಯೊಂದೊಂದನ್ನೂ ಆರಿಸುತ್ತ ಕೂತರೆ ವಾರ ಬೇಕು. ಮರ ಕೊಯ್ಯುವ ಕಾರ್ಖಾನೆಗೆ ಓಡಿದೆ. ಅವರು ಬಿಸಾಡುವ ಚಕ್ಕೆಯನ್ನು ಎರಡು ಮೂಟೆ ತಲೆ ಮೇಲೆ ಹೊತ್ತು ತಂದು ಪಾತಿಯ ಮೇಲೆ ಹಾಸಿಬಿಟ್ಟೆ. ಅದೇ ಯಜಮಾನ, "ಅರೆ, ಎಷ್ಟು ಚೆನ್ನಾಗಿ ಕಾಣ್ತದೆ!" ಅಂದ. "ನಮ್ಮ ಕಡೆಯಿಂದ ಉಚಿತ ಸ್ವಾಮಿ" ಅಂದೆ. ಅವತ್ತಿನಿಂದ ನನ್ನ ಬೋರ್ಡಿನ ಮೇಲೆ ಅದೇ ಸಾಲು: ಗೋಡೆಗೆ ಬಣ್ಣ, ಬುಡಕ್ಕೆ ಚಕ್ಕೆ ಉಚಿತ. ಇಡೀ ಪೇಟೆಯಲ್ಲಿ ಯಾವ ಗಂಡಸು ಮೇಸ್ತ್ರಿಗೂ ಹೊಳೆಯದ ಬುದ್ಧಿ. ಅದೊಂದರ ಮೇಲೇ ಹನ್ನೊಂದು ಖಾಯಂ ಮನೆ ಹಿಡಿದೆ, ನಿನ್ನನ್ನು ಓದಿಸಿದೆ, ನಿನ್ನ ಕೈಗೆ ಕುಂಚ ಕೊಟ್ಟೆ.

ಈಗ ನೀನು ಯಾವುದೋ ಗಿಡದ ಮುದುಕನ ಮಾತು ಕೇಳಿಕೊಂಡು, ಚಕ್ಕೆ ಗುಂಡು ಹಾರಿಸುತ್ತದೆ ಅನ್ನುತ್ತೀಯ. ಬೂಷ್ಟಿಗೆ ಕಣ್ಣಿದೆ, ಗುರಿಯಿದೆ, ಬಂದೂಕಿದೆ! ಹಾಗಾದರೆ ಅದಕ್ಕೊಂದು ಟೋಪಿ ಹೊಲಿಸಿ ಗೇಟಿಗೆ ಕಾವಲು ನಿಲ್ಲಿಸುತ್ತೇನೆ. ರುಜು ಹಾಕುವುದನ್ನು ತಪ್ಪಿಸಿಕೊಳ್ಳಲು ಇಂಥ ಕಥೆ ಕಟ್ಟಿದೆಯಲ್ಲ, ನಾಚಿಕೆಯಾಗಬೇಕು.

ತಟ್ಟೆ ಗಿಟ್ಟೆ ನಿಲ್ಲಿಸುವಷ್ಟು ಪುರುಸೊತ್ತು ನನಗಿಲ್ಲ. ಇನ್ನು ಬರೆಯಬೇಡ.


ನವೆಂಬರ್ 9

ಅಕ್ಕ,

ಬರೆಯಬೇಡ ಅಂದೆ, ಎರಡು ತಿಂಗಳು ಬರೆಯಲಿಲ್ಲ. ಈಗ ಬರೆಸುತ್ತಿರುವವರು ಡಾಕ್ಟರಮ್ಮ.

ಟಾರಿನ ಮೇಸ್ತ್ರಿಯ ಹತ್ತಿರ ನನ್ನ ವಿಳಾಸ ಈಸಿಕೊಂಡು ಕಾಗದ ಹಾಕಿದ್ದಾರೆ. ಅವರ ಮಾತನ್ನೇ ಇಳಿಸುತ್ತೇನೆ. "ನಿನ್ನ ಅಕ್ಕನಿಗೆ ಏನಾಗಿದೆಯಪ್ಪಾ? ಸೆಪ್ಟೆಂಬರಿನಿಂದ ದಿನಾ ಬೆಳಿಗ್ಗೆ ನಮ್ಮ ಪಾತಿಯ ಹತ್ತಿರ ಬಂದು ಬಗ್ಗಿ ನಿಲ್ಲುತ್ತಾಳೆ. ಕೇಳಿದರೆ ಓಲೆ ಬಿದ್ದುಹೋಗಿದೆ, ಹುಡುಕುತ್ತಿದ್ದೇನೆ ಅನ್ನುತ್ತಾಳೆ. ಎರಡು ಕಿವಿಯಲ್ಲೂ ಓಲೆ ಇದೆ. ಅವಳು ಹೋದ ಮೇಲೆ ನೋಡಿದೆ, ಪೊದೆಯ ಹಿಂದೆ ಒಂದು ಊಟದ ತಟ್ಟೆ ನಿಂತಿದೆ."

ಎಷ್ಟು ಚುಕ್ಕಿ ಅಕ್ಕ?

ನಿನ್ನನ್ನು ನಾನು ಬಲ್ಲೆ. ಮೊದಲ ದಿನವೇ ಎಣಿಸಿರುತ್ತೀಯ. ಎರಡು ತಿಂಗಳಿನಿಂದ ಗೊತ್ತಿದ್ದೂ ಸುಮ್ಮನಿದ್ದೀಯ. ಆ ಎರಡು ತಿಂಗಳು ನಾನಿಲ್ಲಿ ಟಾರು ಸಿಡಿಸಿದವನಾಗಿಯೇ ಬದುಕಿದ್ದೇನೆ. ಹೋದ ವಾರ ಅಜ್ಜನ ಪರಿಚಯದವರೊಬ್ಬರ ಮನೆ ಬಳಿಯುವ ಕೆಲಸ ಕೈಗೆ ಬಂದಿತ್ತು. ಯಾರೋ ಕಿವಿ ಕಚ್ಚಿದರು, ತಪ್ಪಿಹೋಯಿತು. ಮೊದಲು ನೀನು ನನ್ನನ್ನು ತಪ್ಪು ತಿಳಿದೆ, ಅದನ್ನು ಕ್ಷಮಿಸಬಹುದಿತ್ತು. ಈಗ ಮಾಡುತ್ತಿರುವುದು ಬೇರೆ.

ನನಗೆ ಒಂದೇ ಬೇಕು. ಯಾವ ಗೋಡೆಯ ಮುಂದೆ, ಯಾರ ಯಾರ ಎದುರಿಗೆ ನನ್ನನ್ನು ಇಳಿಸಿದೆಯೋ, ಅಲ್ಲೇ, ಅವರ ಎದುರಿಗೇ ಹೇಳು. ಕಾಗದದಲ್ಲಿ ಬೇಡ. ಬಾಯಲ್ಲಿ.

ತಮ್ಮ


ನವೆಂಬರ್ 24

ತಮ್ಮಾ,

ನಲವತ್ತೊಂದು.

ಅದು ಮೊದಲ ವಾರಕ್ಕೆ. ಆಮೇಲೆ ಎಣಿಸುವುದನ್ನು ಬಿಟ್ಟೆ. ತಟ್ಟೆಯ ಚಕ್ಕೆಯ ಕಡೆಯ ಮುಖದಲ್ಲಿ ಮಾತ್ರ. ಬೆನ್ನಿನ ಕಡೆ ಒಂದೂ ಇಲ್ಲ. ಅಲ್ಲೇ ಆ ಪಾತಿಯನ್ನು ಕಾಲಿನಿಂದ ಒದ್ದೆ. ಯಾರ ಮೇಲೆ ಸಿಟ್ಟು ಅಂತ ಗೊತ್ತಾಗದೆ ಒದ್ದದ್ದು. ಬೆರಳು ಊದಿಕೊಂಡಿತು, ಅಷ್ಟೇ.

ನೀನೇನು ಸುಲಭವಾಗಿ ಬರೆದುಬಿಡುತ್ತೀಯ, ಹೇಳು ಅಂತ. ಒಂದು ಮನೆಯಲ್ಲ ಕಣೋ, ಹನ್ನೊಂದು. ಅಲ್ಲೆಲ್ಲ ಹೋಗಿ, "ಇಷ್ಟು ವರ್ಷ ನಿಮ್ಮ ಗೋಡೆಗೆ ನಾನೇ ರೋಗ ತಂದಿಟ್ಟೆ, ಅದನ್ನು ಉಡುಗೊರೆ ಅಂದೆ" ಎನ್ನಬೇಕೇ? ಅದಕ್ಕೆ ಬೇರೆ ದಾರಿ ಹುಡುಕಿದೆ. ಚಕ್ಕೆ ತೆಗೆಸಿ ಜಲ್ಲಿ ಹಾಕಿಸುತ್ತಿದ್ದೇನೆ. ಈಗ ಜಲ್ಲಿಯೇ ಹೊಸ ಫ್ಯಾಷನ್ ಎಂದು ಹೇಳುತ್ತಿದ್ದೇನೆ. ನಾಲ್ಕು ಮನೆಯವರು ಒಪ್ಪಿದರು, ದರ್ಜಿಯಂತೂ ಥ್ಯಾಂಕ್ಸ್ ಹೇಳಿದ. ಇನ್ನಾರು ತಿಂಗಳಲ್ಲಿ ಚುಕ್ಕಿಯೂ ಇರುವುದಿಲ್ಲ, ಮಾತೂ ಇರುವುದಿಲ್ಲ.

ನೀನು ವಾಪಸ್ಸು ಬಾ. ಆಳಾಗಿ ಅಲ್ಲ, ಅರ್ಧ ಪಾಲುದಾರನಾಗಿ. ಬೋರ್ಡಿನ ಮೇಲೆ "ಅಕ್ಕ ತಮ್ಮ" ಎಂದು ಬರೆಸುತ್ತೇನೆ. ಅದನ್ನು ನೋಡಿದವರಿಗೆ ತಾನಾಗಿಯೇ ಅರ್ಥವಾಗುತ್ತದೆ. ಎಲ್ಲವನ್ನೂ ಬಾಯಿಬಿಟ್ಟೇ ಆಡಬೇಕೆ?

ಅಕ್ಕ


ಡಿಸೆಂಬರ್ 1

ಆಡಬೇಕು.

ನನ್ನನ್ನು ಬೈದಾಗ ಬಾಯಿಬಿಟ್ಟೇ ಬೈದೆ. ಪಾಲು ನೀನೇ ಇಟ್ಟುಕೋ.

ತಮ್ಮ


ಜನವರಿ 18

ತಮ್ಮನಿಗೆ,

ನಿನ್ನ ಮೂರು ಸಾಲಿನ ಕಾಗದವನ್ನು ಹರಿದುಹಾಕಿದೆ. ಮಾರನೆಯ ದಿನ ಅಂಟಿಸಿದೆ. ಒಂದು ತಿಂಗಳು ನಿನ್ನ ಮೇಲೆ ಹರಿಹಾಯುತ್ತಲೇ ಓಡಾಡಿದೆ. ಓದಿಸಿದ್ದು ನಾನು, ಸಾಕಿದ್ದು ನಾನು, ನನ್ನನ್ನೇ ಕಟಕಟೆಗೆ ಹತ್ತಿಸುತ್ತಾನಲ್ಲ ಎಂದು. ಕೊನೆಗೆ ಈ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಪುಟ್ಟಿಯಣ್ಣನನ್ನೂ ಉಳಿದ ಇಬ್ಬರನ್ನೂ ಕರೆದುಕೊಂಡು ಹೋದೆ. ಅವತ್ತು ಇದ್ದವರೆಲ್ಲ ಇರಲಿ ಎಂದು.

ಡಾಕ್ಟರಮ್ಮ ಬಾಗಿಲು ತೆಗೆದವರೇ, "ಓಲೆ ಸಿಕ್ತೇನಮ್ಮಾ?" ಅಂದರು.

"ಸಿಕ್ತು" ಅಂದೆ. ತಟ್ಟೆಯನ್ನು ಎತ್ತಿ ಕೈಗೆ ಕೊಟ್ಟೆ. "ನಿಮ್ಮ ಗೋಡೆ ಕೆಡಿಸಿದ್ದು ನನ್ನ ತಮ್ಮ ಅಲ್ಲ. ನಾನು ಬಿಟ್ಟಿ ಕೊಟ್ಟ ಚಕ್ಕೆ. ಅವನನ್ನ ಇಲ್ಲಿ ನಿಲ್ಲಿಸಿ ಬೈದೆ, ಸುಳ್ಳು ಬೈದೆ. ಗೊತ್ತಾದ ಮೇಲೂ ನಾಲ್ಕು ತಿಂಗಳು ಬಾಯಿ ಮುಚ್ಕೊಂಡಿದ್ದೆ."

ಯಾರಾದರೂ "ಹೋಗಲಿ ಬಿಡಿ" ಅನ್ನುತ್ತಾರೆ ಅಂದುಕೊಂಡೆ. ಪುಟ್ಟಿಯಣ್ಣ ಏನೆಂದ ಗೊತ್ತೇ? "ಅಕ್ಕಾ, ನಾನು ಹೋದ ವರ್ಷಾನೇ ಹೇಳಿದ್ದೆ, ಈ ಚಕ್ಕೆ ಯಾಕೋ ಬೂಷ್ಟು ನಾತ ಹೊಡೀತಿದೆ ಅಂತ. ನಿಂಗೆ ಮೂಗು ಜಾಸ್ತಿ ಅಂದ್ರಿ." ಉಳಿದಿಬ್ಬರು ಪಾತಿ ನೋಡುವವರಂತೆ ತಲೆ ತಗ್ಗಿಸಿ ನಗುತ್ತಿದ್ದರು. ಅವರಿಗೆ ಬಾರಿಸಬೇಕು ಅನ್ನಿಸಿತು. ಬಾರಿಸುವ ಹಕ್ಕು ಮಾತ್ರ ನನ್ನ ಹತ್ತಿರ ಇರಲಿಲ್ಲ.

ಡಾಕ್ಟರಮ್ಮ ತಟ್ಟೆಯ ಚುಕ್ಕಿಯೊಂದನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ, "ನಾನೂ ಒಬ್ಬರಿಗೆ ಸರಿಯಾಗಿದ್ದ ಹಲ್ಲನ್ನೇ ಕಿತ್ತಿದ್ದೆ ಕಣಮ್ಮ, ಮೂವತ್ತು ವರ್ಷದ ಹಿಂದೆ. ಅವರಿಗೆ ಹೇಳಲೇ ಇಲ್ಲ. ಎದುರು ಸಿಕ್ಕಾಗೆಲ್ಲ ಅವರೇ ನನಗೆ ನಮಸ್ಕಾರ ಮಾಡ್ತಿದ್ರು" ಅಂದರು. ಮನಸ್ಸು ಕರಗಿತು, ಬಚಾವಾದೆ ಎಂದುಕೊಂಡೆ. ಎಲ್ಲಿಯ ಬಚಾವು! "ಸರಿ, ಹುಡುಗನ ವಿಳಾಸ ನನ್ನ ಹತ್ರ ಇದೆ. ಗೋಡೆ ಅವನೇ ಬಳೀಲಿ" ಅಂದರು.

"ಮತ್ತೆ ನಾನು?"

"ನೀವು ಜಲ್ಲಿ ಹಾಕಿ."

ಹಾಕಿದೆ, ನಿನ್ನ ಅಜ್ಜ ಹೇಳಿದ ಎರಡು ಮಾರು ಅಗಲಕ್ಕೇ. ಮಿಕ್ಕ ಹತ್ತು ಮನೆಗೂ ಹೋಗಿ, ಫ್ಯಾಷನ್ ಅಂದವರಿಗೂ ಸೇರಿಸಿ, ನಿಜವನ್ನೇ ಹೇಳಿದೆ. ಮೂಲೆಮನೆಯವರು ಒಂದು ಲೋಟ ನೀರು ಕೂಡ ಕೊಡದೆ ಬಾಗಿಲು ಹಾಕಿಕೊಂಡರು. ದರ್ಜಿ ಮೊದಲು ಹೇಳಿದ ಥ್ಯಾಂಕ್ಸ್ ವಾಪಸ್ಸು ತೆಗೆದುಕೊಂಡ, ಹಾಗೆಂದೇ ಬಾಯಿಬಿಟ್ಟು ಹೇಳಿದ. ನಿಮ್ಮ ಊರಿನ ಆ ಮೂವರು ಮೇಸ್ತ್ರಿಗಳಿಗೂ ಒಂದೊಂದು ಕಾಗದ ಹಾಕಿದ್ದೇನೆ. ನೀನು ಕಾಗದ ಬೇಡ ಅಂದದ್ದು ಇಲ್ಲಿಗೆ ಮಾತ್ರ ಎಂದು ತಿಳಿದಿದ್ದೇನೆ. ಬೋರ್ಡಿನ ಸಾಲನ್ನು ಅಳಿಸಿದೆ. ಬೇರೆ ಯಾರ ಕೈಯಲ್ಲೂ ಅಳಿಸಲಿಲ್ಲ.

ನನ್ನ ಸಿಟ್ಟು ಇಳಿದಿದೆ ಅಂತ ತಿಳಿಯಬೇಡ. ಆ ಬೂಷ್ಟಿನ ಮೇಲಿದೆ, ನಿನ್ನ ಮೇಲೂ ಸ್ವಲ್ಪ ಇದೆ, ಬಾಕಿ ಎಲ್ಲ ನನ್ನದೇ ಪಾಲಿಗೆ. ಅದು ಹಾಗಿರಲಿ. ಲೆಕ್ಕ ಮುಚ್ಚುತ್ತೇನೆ.

ಡಾಕ್ಟರಮ್ಮನಿಗೆ ಜಲ್ಲಿ ಹಾಸಿದ ಅಂಗಳ ಸಿಕ್ಕಿತು. ಪುಟ್ಟಿಯಣ್ಣನಿಗೆ ನನ್ನೆದುರು ಮಾತಾಡುವ ಧೈರ್ಯ ಸಿಕ್ಕಿತು, ದಿನಕ್ಕೆ ನಾಲ್ಕು ಸಲ ಖರ್ಚು ಮಾಡುತ್ತಿದ್ದಾನೆ. ಗಿಡದಜ್ಜನಿಗೆ ಹನ್ನೊಂದು ಮನೆಯ ಚಕ್ಕೆ ಲಾರಿಯಲ್ಲಿ ಬರುತ್ತದೆ. ಗೋಡೆಯೇ ಇಲ್ಲದ ಹಿಂಬದಿಯ ಪಾತಿಗೆ ಹಾಕಿಕೊಳ್ಳಲಿ, ವ್ಯಾನನ್ನು ಬೇರೆ ಕಡೆ ನಿಲ್ಲಿಸಲಿ. ಬೇರೆ ಮೇಸ್ತ್ರಿಗಳಿಗೆ ನನ್ನ ಮೂರು ಮನೆ ಸಿಕ್ಕವು. ನಿನಗೆ ನಿನ್ನ ಹೆಸರು, ಜೊತೆಗೆ ನನ್ನ ಕೈಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಗೋಡೆ. ಫೆಬ್ರವರಿಯಲ್ಲಿ ಬರುತ್ತೀಯಂತೆ, ಕೆಲಸ ಮುಗಿಯುವವರೆಗೆ ಡಾಕ್ಟರಮ್ಮನ ಹಿಂದಿನ ಕೋಣೆಯಲ್ಲೇ ಇಳಿದುಕೊಳ್ಳುತ್ತೀಯಂತೆ. ಅವರೇ ಹೇಳಿದರು.

ನನಗೆ ಉಳಿದದ್ದು ಏಳು ಮನೆ, ಮತ್ತು ಮೂರು ಬೀದಿ ಆಚೆ ಒಬ್ಬ ತಮ್ಮ.

ಇತಿ,
ಅಕ್ಕ